ಊರಿನ ಹಳೇ ಕಟ್ಟಡವನ್ನು ಮತ್ತೆ ಬಳಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಶಾಲೆ, ಚಾವಡಿ, ಛತ್ರ, ಸೊಸೈಟಿ ಗೋಡೌನು, ಮಹಿಳಾ ಸಮಾಜದ ಮನೆ. ಹೆಚ್ಚುಕಮ್ಮಿ ಪ್ರತಿ ಊರಲ್ಲೂ ಇಂಥದ್ದೊಂದು ಕಟ್ಟಡ ಬೀಗ ಹಾಕಿಕೊಂಡು ನಿಂತಿರುತ್ತದೆ. ಅದೇ ಊರಲ್ಲಿ ‘ನಮಗೊಂದು ಸಮುದಾಯ ಭವನ ಬೇಕು’ ಅಂತ ಅರ್ಜಿಯೂ ಓಡಾಡುತ್ತಿರುತ್ತದೆ. ನಾನು ಆರ್ಕಿಟೆಕ್ಟ್. ಇಂಥ ಕಟ್ಟಡಗಳ ದುರಸ್ತಿ ಮತ್ತು ಮರುಬಳಕೆ ನನ್ನ ಕೆಲಸ. ಪಂಚಾಯಿತಿ ಸದಸ್ಯರು, ಹಳೇ ವಿದ್ಯಾರ್ಥಿಗಳ ಸಂಘದವರು, ಯುವಕ ಮಂಡಲದವರು ಫೋನ್ ಮಾಡಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಕೆಡವಿ ಹೊಸದು ಕಟ್ಟಿದರೆ ಸುಲಭ ಅಲ್ವಾ?

ಕೆಡವುವುದು ಸುಲಭ. ಜೆಸಿಬಿ ಬಂದರೆ ಅರ್ಧ ದಿನದ ಕೆಲಸ. ಆದರೆ ಆ ಜಾಗದಲ್ಲಿ ಅಷ್ಟೇ ದಪ್ಪದ ಗೋಡೆ, ಅಷ್ಟೇ ಎತ್ತರದ ಸೂರು, ಅಂಥ ನಾಟಾ ಇರುವ ಕಟ್ಟಡ ಮತ್ತೆ ಏಳುವುದಿಲ್ಲ. ಈಗಿನ ಅನುದಾನದಲ್ಲಿ ಸಿಗುವುದು ಒಂಬತ್ತು ಇಂಚಿನ ಗೋಡೆ, ತಲೆ ಮೇಲೆ ಕಾದ ಆರ್‌ಸಿಸಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಹಳೇ ಶಾಲೆಯ ಕೋಣೆಯಲ್ಲಿ ಅರ್ಧ ಗಂಟೆ ಕೂತುಕೊಳ್ಳಿ, ಆಮೇಲೆ ಹೊಸ ಭವನದಲ್ಲಿ ಅರ್ಧ ಗಂಟೆ ಕೂತುಕೊಳ್ಳಿ. ನಾನು ಸಭೆಗಳಲ್ಲಿ ಮಾತಾಡುವ ಮೊದಲು ಊರಿನವರಿಂದ ಇದನ್ನೇ ಮಾಡಿಸುತ್ತೇನೆ.

ಇನ್ನೊಂದು ವಿಷಯ. ಹೊಸದಕ್ಕೆ ಒಂದು ಕಂತು ಹಣ ಬಂದು, ಪಾಯ ಮತ್ತು ಕಂಬ ಎದ್ದು, ಎರಡನೇ ಕಂತು ಬಾರದೆ ಕಬ್ಬಿಣ ತುಕ್ಕು ಹಿಡಿಯುತ್ತಾ ನಿಂತಿರುವ ಭವನಗಳನ್ನು ನೀವೂ ನೋಡಿರುತ್ತೀರಿ. ಹಳೇ ಕಟ್ಟಡವಾದರೆ ಮೊದಲ ಕಂತಿನಲ್ಲೇ ಒಂದು ಕೋಣೆ ಸರಿಮಾಡಿ ಬಾಗಿಲು ತೆರೆಯಬಹುದು. ಎಲ್ಲಾ ಹಳೇ ಕಟ್ಟಡವನ್ನೂ ಉಳಿಸಲೇಬೇಕು ಅಂತ ನಾನು ಹೇಳುವುದಿಲ್ಲ. ನೋಡದೆ, ಅಳೆಯದೆ ಕೆಡವಬೇಡಿ ಅಂತಷ್ಟೇ ಕೇಳಿಕೊಳ್ಳುತ್ತೇನೆ.

ಉಳಿಸಬಹುದಾ ಇಲ್ವಾ ಅಂತ ಹೇಗೆ ಗೊತ್ತಾಗುತ್ತದೆ?

ಮೊದಲು ನೀರನ್ನು ಹುಡುಕಿ. ಹಳೇ ಕಟ್ಟಡದ ಕಾಯಿಲೆಗಳಲ್ಲಿ ಮುಕ್ಕಾಲು ಪಾಲು ನೀರಿನಿಂದಲೇ ಬರುವುದು. ಸಾಧ್ಯವಾದರೆ ಜೋರು ಮಳೆ ಬರುವಾಗ ಕೊಡೆ ಹಿಡಿದು ಕಟ್ಟಡದ ಸುತ್ತ ಒಂದು ಸುತ್ತು ಬನ್ನಿ. ಸೂರಿನ ನೀರು ಎಲ್ಲಿ ಬೀಳುತ್ತದೆ? ಬಿದ್ದದ್ದು ಗೋಡೆಯ ಬುಡಕ್ಕೇ ಬಂದು ನಿಲ್ಲುತ್ತದಾ? ರಸ್ತೆಗೆ ಮೂರು ಸಲ ಡಾಂಬರು ಹಾಕಿ ಎತ್ತರವಾಗಿ, ಚರಂಡಿ ನೀರು ಒಳಗೆ ನುಗ್ಗುತ್ತದಾ? ಈ ಒಂದು ಸುತ್ತಿನಲ್ಲಿ ಗೊತ್ತಾಗುವಷ್ಟು ಬಿಸಿಲಿನಲ್ಲಿ ನಾಲ್ಕು ದಿನ ನೋಡಿದರೂ ಗೊತ್ತಾಗುವುದಿಲ್ಲ.

ಆಮೇಲೆ ಮರ. ತೊಲೆಯ ಮಧ್ಯಭಾಗ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಕೆಡುವುದು ಗೋಡೆಯೊಳಗೆ ಹೊಕ್ಕ ತುದಿ. ಅಲ್ಲಿ ತೇವ ಕೂರುತ್ತದೆ, ಗೆದ್ದಲು ಬರುತ್ತದೆ. ಒಂದು ಸ್ಕ್ರೂಡ್ರೈವರ್ ತೆಗೆದುಕೊಂಡು ಆ ತುದಿಯನ್ನು ಒತ್ತಿ ನೋಡಿ. ಒಳ್ಳೇ ಮರ ಒಳಗೆ ಬಿಡುವುದಿಲ್ಲ. ಕೆಟ್ಟ ಮರದೊಳಗೆ ಬೆಣ್ಣೆಗೆ ಹೋದ ಹಾಗೆ ಹೋಗುತ್ತದೆ. ತುದಿ ಮಾತ್ರ ಕೆಟ್ಟಿದ್ದರೆ ಅಷ್ಟನ್ನೇ ಕತ್ತರಿಸಿ ಹೊಸ ಮರ ಬೆಸೆಯುವ ಬಡಗಿಗಳು ಇನ್ನೂ ಇದ್ದಾರೆ. ಇಡೀ ತೊಲೆ ಬದಲಾಯಿಸಬೇಕಾಗಿಲ್ಲ.

ಮೂರನೆಯದು ಗೋಡೆ. ಬೆರಳಿನ ಗೆಣ್ಣಿನಿಂದ ಗಾರೆಯನ್ನು ತಟ್ಟಿ. ಗಟ್ಟಿ ಸದ್ದು ಬಂದರೆ ಗೋಡೆಗೆ ಕಚ್ಚಿಕೊಂಡಿದೆ. ‘ಡಬಡಬ’ ಅಂದರೆ ಬಿಟ್ಟುಕೊಂಡಿದೆ. ಬಿಟ್ಟ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಾ ಹೋಗಿ. ಕೊನೆಗೆ ದೂರ ನಿಂತು ನೋಡಿದರೆ ನೀರು ಎಲ್ಲಿಂದ ಬಂದಿದೆ ಅನ್ನುವುದರ ನಕ್ಷೆಯೇ ಗೋಡೆ ಮೇಲೆ ಮೂಡಿರುತ್ತದೆ.

ಗೋಡೆ ಬಿರುಕು ಬಿಟ್ಟಿದೆ. ಬೀಳುತ್ತದಾ?

ಬಿರುಕು ಇದೆ ಅನ್ನುವುದಕ್ಕಿಂತ ಅದು ಬೆಳೆಯುತ್ತಿದೆಯಾ ಅನ್ನುವುದು ಮುಖ್ಯ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗುರುತು ಹಾಕಿ, ಪಕ್ಕದಲ್ಲಿ ತಾರೀಕು ಬರೆಯಿರಿ. ಅಡ್ಡಲಾಗಿ ಒಂದು ತೆಳ್ಳನೆ ಗಾಜಿನ ಪಟ್ಟಿ ಅಂಟಿಸಿ. ಒಂದು ಮಳೆಗಾಲ, ಒಂದು ಬೇಸಿಗೆ ನೋಡಿ. ಗಾಜು ಹಾಗೇ ಇದ್ದರೆ ಅದು ಹಳೇ ಗಾಯ, ತುಂಬಿದರೆ ಆಯಿತು. ಗಾಜು ಒಡೆದರೆ ಪಾಯ ಕುಸಿಯುತ್ತಿರಬಹುದು. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟು, ಮೇಲೆ ಹೋಗುತ್ತಾ ಅಗಲವಾಗುವ ಬಿರುಕು ಹೆಚ್ಚಾಗಿ ಪಾಯದ ಸುದ್ದಿಯನ್ನೇ ಹೇಳುತ್ತದೆ. ಗೋಡೆ ಹೊಟ್ಟೆ ಬಂದ ಹಾಗೆ ಹೊರಗೆ ಉಬ್ಬಿದ್ದರೆ ಕಾಯಬೇಡಿ. ಜನ ಓಡಾಡದಂತೆ ಹಗ್ಗ ಕಟ್ಟಿ, ಆಸರೆ ಕೊಡಿಸಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡ 1892ರದ್ದು. 2012ರ ಆಗಸ್ಟ್‌ನಲ್ಲಿ ಅದರ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ನಾಲ್ಕು ವರ್ಷದ ಮೇಲೆ ಅಲ್ಲೇ ಹತ್ತಿರದ ದೇವರಾಜ ಮಾರುಕಟ್ಟೆಯ ಒಂದು ಭಾಗವೂ ಬಿತ್ತು. ಅದೂ ಆಗಸ್ಟ್ ತಿಂಗಳೇ. ಇವೆರಡನ್ನೂ ಕೆಡವಬೇಕಾ, ಉಳಿಸಬೇಕಾ ಅಂತ ವರ್ಷಗಟ್ಟಲೆ ವಾದ ನಡೆದಿದೆ. ಆ ವಾದ ನಡೆಯುವಷ್ಟು ಕಾಲವೂ ಕಟ್ಟಡದ ಮೇಲೆ ಮಳೆ ಸುರಿಯುತ್ತಲೇ ಇರುತ್ತದೆ. ತೀರ್ಮಾನ ಏನೇ ಆಗಲಿ, ಮಾಡಿನ, ಅಂದರೆ ಚಾವಣಿಯ ಮೇಲೊಂದು ತಾಡಪಾಲು ಇವತ್ತೇ ಹಾಕಬಹುದಲ್ವಾ?

ಸಿಮೆಂಟ್ ಪ್ಲಾಸ್ಟರ್ ಬೇಡ ಅಂತೀರಿ. ಯಾಕೆ? ಸಿಮೆಂಟ್ ಗಟ್ಟಿ ಅಲ್ವಾ?

ಗಟ್ಟಿಯೇ. ತೊಂದರೆ ಇರುವುದೂ ಅಲ್ಲೇ.

ಹಳೇ ಗೋಡೆ ಇಟ್ಟಿಗೆ, ಮಣ್ಣು ಅಥವಾ ಮುರಕಲ್ಲಿನದ್ದು. ಮೇಲೆ ಸುಣ್ಣದ ಗಾರೆ. ಆ ಗೋಡೆ ನೆಲದಿಂದ ಸ್ವಲ್ಪ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಗಾರೆಯ ಮೂಲಕ ಹೊರಗೆ ಬಿಡುತ್ತದೆ. ನಾವು ಅದರ ಮೇಲೆ ಸಿಮೆಂಟ್ ಬಳಿದರೆ ಹೊರದಾರಿ ಮುಚ್ಚಿಹೋಗುತ್ತದೆ. ತೇವ ಒಳಗೇ ಉಳಿದು ಮೇಲಕ್ಕೆ ಏರುತ್ತದೆ. ತೇವದ ಜೊತೆ ಬಂದ ಉಪ್ಪು ಹರಳುಗಟ್ಟಿ ಇಟ್ಟಿಗೆಯನ್ನು ಒಳಗಿನಿಂದ ಪುಡಿ ಮಾಡುತ್ತದೆ. ಹೊರಗಿನಿಂದ ನೋಡಿದರೆ ಗೋಡೆ ಹೊಸದಾಗಿ ಹೊಳೆಯುತ್ತಿರುತ್ತದೆ.

ನನ್ನ ಅನುಭವದ್ದೇ ಒಂದು ಹೇಳುತ್ತೇನೆ. ಒಂದು ಊರಿನ ಛತ್ರಕ್ಕೆ ಸುಣ್ಣದ ಗಾರೆ ಅಂತ ನಾನು ಬರೆದುಕೊಟ್ಟಿದ್ದೆ. ಜಾತ್ರೆ ಹತ್ತಿರ ಬಂತು, ಗುತ್ತಿಗೆದಾರರು ಬೇಗ ಮುಗಿಯಲಿ ಅಂತ ಸಿಮೆಂಟ್ ಹಾಕಿಸಿದರು. ನಾನು ಆ ವಾರ ಸೈಟಿಗೆ ಹೋಗಿರಲಿಲ್ಲ, ತಪ್ಪು ನನ್ನದೂ ಇದೆ. ಎರಡು ಮಳೆಗಾಲ ಕಳೆದ ಮೇಲೆ ಹೋದೆ. ಸೊಂಟದೆತ್ತರಕ್ಕೆ ಹಪ್ಪಳದ ಹಾಗೆ ಎದ್ದುಬಂದಿತ್ತು. ಒಂದು ತುಂಡನ್ನು ಕೈಯಲ್ಲಿ ಎಳೆದೆ. ಬಾಗಿಲಿನಷ್ಟು ದೊಡ್ಡ ಪದರ ಒಟ್ಟಿಗೇ ಕಳಚಿತು. ಅದರ ಬೆನ್ನಿಗೆ ಇಟ್ಟಿಗೆಯ ಕೆಂಪು ಮುಖ ಪೂರ್ತಿ ಅಂಟಿಕೊಂಡು ಬಂದಿತ್ತು. ಒಳಗಿನ ಇಟ್ಟಿಗೆ ಮುಟ್ಟಿದರೆ ಉದುರುತ್ತಿತ್ತು. ನೂರು ವರ್ಷ ತಡೆದಿದ್ದ ಗೋಡೆ ಅದು.

ಸುಣ್ಣ ಬೇರೆ ಥರ ನಡೆದುಕೊಳ್ಳುತ್ತದೆ. ಸುಣ್ಣದ ಕಲ್ಲನ್ನು ಸುಟ್ಟಾಗ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ನೀರು ಹಾಕಿ ಅರಳಿಸಿ ಗೋಡೆಗೆ ಬಳಿದರೆ, ಗಾಳಿಯಿಂದ ಅದನ್ನೇ ಮತ್ತೆ ಎಳೆದುಕೊಂಡು ನಿಧಾನವಾಗಿ ಕಲ್ಲಾಗುತ್ತದೆ. ಸಣ್ಣಪುಟ್ಟ ಬಿರುಕನ್ನು ಸುಣ್ಣ ತಾನೇ ಮುಚ್ಚಿಕೊಳ್ಳುವುದೂ ಉಂಟು. ಗೋಡೆ ಸ್ವಲ್ಪ ಅಲುಗಿದರೆ ತಾನೂ ಬಗ್ಗುತ್ತದೆ.

ಸುಣ್ಣದ ಗಾರೆ ಮಾಡುವವರು ಈಗ ಸಿಗುತ್ತಾರಾ?

ಸಿಗುತ್ತಾರೆ, ಹುಡುಕಬೇಕು. ದೇವಸ್ಥಾನದ ಜೀರ್ಣೋದ್ಧಾರ ಎಲ್ಲಿ ಸರಿಯಾಗಿ ನಡೆದಿದೆಯೋ ಅಲ್ಲಿ ವಿಚಾರಿಸಿ, ಮೇಸ್ತ್ರಿಗಳ ಗುರುತು ಸಿಗುತ್ತದೆ. ಸುಣ್ಣವನ್ನು ಕೆಲಸಕ್ಕೆ ಹಲವು ವಾರ ಮೊದಲೇ ನೀರಲ್ಲಿ ನೆನೆಹಾಕಿ ಕೊಳೆಸಬೇಕು. ಅರಳದ ಚೂರು ಉಳಿದರೆ ಗೋಡೆ ಮೇಲೆ ಅರಳಿ ಗುಳ್ಳೆ ಏಳುತ್ತದೆ. ಮರಳಿನ ಜೊತೆ ಇಟ್ಟಿಗೆ ಪುಡಿ, ಅಂದರೆ ಸುರ್ಕಿ ಸೇರಿಸುತ್ತಾರೆ. ಬೆಲ್ಲ ಮತ್ತು ಅಳಲೆಕಾಯಿ ಕೊಳೆಸಿದ ನೀರು ಹಾಕುವ ಪದ್ಧತಿ ನಮ್ಮಲ್ಲಿ ಹಳೆಯದು. ಕೆಲಸ ಮುಗಿದ ಮೇಲೆ ಗೋಡೆಯನ್ನು ಒದ್ದೆ ಗೋಣಿತಾಟು ಕಟ್ಟಿ ನಿಧಾನವಾಗಿ ಆರಿಸಬೇಕು.

ಕೆಲಸ ಗೊತ್ತಿರುವ ಒಬ್ಬ ಹಿರಿಯ ಮೇಸ್ತ್ರಿ ಸಿಕ್ಕರೆ, ಅವರ ಜೊತೆ ಊರಿನ ಇಬ್ಬರು ಹುಡುಗರನ್ನು ಕೂಲಿ ಕೊಟ್ಟೇ ನಿಲ್ಲಿಸಿ. ಹತ್ತು ವರ್ಷದ ಮೇಲೆ ರಿಪೇರಿಗೆ ಬರುವವರು ಅವರೇ.

ಮಾಡು ಸೋರುತ್ತದೆ. ಹೆಂಚು ತೆಗೆದು ಶೀಟ್ ಹಾಕಲಾ?

ಹಾಕಬೇಡಿ. ಶೀಟಿನ ಕೆಳಗೆ ಮಳೆಗಾಲದಲ್ಲಿ ಪಕ್ಕದವರ ಮಾತು ಕೇಳುವುದಿಲ್ಲ, ಬೇಸಿಗೆಯಲ್ಲಿ ಕೂರಲು ಆಗುವುದಿಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಅಲ್ಲಿಂದ ಹರಡಿದ ಆ ಹೆಂಚು ಇವತ್ತಿಗೂ ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಹೆಂಚು ಒಡೆದರೆ ಒಂದನ್ನೇ ಬದಲಾಯಿಸಿದರೆ ಸಾಕು. ಇಂಥ ಅನುಕೂಲ ಬೇರೆ ಯಾವ ಮಾಡಿಗೆ ಇದೆ ಹೇಳಿ?

ಸೋರಿಕೆಗೆ ಕಾರಣ ಹೆಂಚಿಗಿಂತ ಕೆಳಗಿನ ರೀಪು, ಅಂದರೆ ಹೆಂಚು ಕೂರುವ ಮರದ ಪಟ್ಟಿ ಬಾಗಿರುವುದೇ ಜಾಸ್ತಿ. ಹೆಂಚು ಇಳಿಸಿ, ಉಜ್ಜಿ ತೊಳೆದು, ಕೆಟ್ಟ ರೀಪು ಬದಲಾಯಿಸಿ, ಅದೇ ಹೆಂಚು ಹೊದಿಸಿ. ಇಳಿಸುವಾಗ ಹೆಂಚಿನ ಬೆನ್ನಿನ ಮೇಲಿರುವ ಕಾರ್ಖಾನೆಯ ಮುದ್ರೆ ನೋಡಿಕೊಳ್ಳಿ. ಒಂದೇ ಕಾರ್ಖಾನೆಯ ಹೆಂಚುಗಳು ಒಂದಕ್ಕೊಂದು ಸರಿಯಾಗಿ ಕಚ್ಚುತ್ತವೆ, ಬೇರೆ ಬೇರೆ ಕಾರ್ಖಾನೆಯವು ಬೆರೆತರೆ ಸಂದು ಬಿಡುತ್ತದೆ. ಮುದ್ರೆ ನೋಡಿ ಬೇರೆ ಬೇರೆ ರಾಶಿ ಹಾಕಿಸಿದರೆ ಅರ್ಧ ಸೋರಿಕೆ ಅಲ್ಲೇ ನಿಂತಿತು. ಹೊಸ ಬೆಳಕು ಬೇಕಾದ ಕಡೆ ನಾಲ್ಕಾರು ಗಾಜಿನ ಹೆಂಚು ಹಾಕಿ. ಜಾಸ್ತಿ ಹಾಕಿದರೆ ಸೆಖೆ.

ಬಯಲುಸೀಮೆ ಕಡೆ, ಬೆಂಗಳೂರು ಮೈಸೂರು ಕಡೆ ಮದ್ರಾಸ್ ತಾರಸಿ ಇರುತ್ತದೆ. ಮರದ ಜಂತೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಕಾಂಕ್ರೀಟು. ಇದಕ್ಕೆ ಸೋರಿದಾಗಲೆಲ್ಲ ಒಂದು ಪದರ ಸಿಮೆಂಟ್ ಹಾಕುತ್ತಾ ಬಂದಿರುತ್ತಾರೆ. ಒಂದು ಕಟ್ಟಡದಲ್ಲಿ ನಾನು ನಾಲ್ಕು ಪದರ ಎಣಿಸಿದ್ದೇನೆ. ಆ ಭಾರಕ್ಕೇ ಜಂತೆ ಬಾಗಿತ್ತು. ಮೊದಲು ಭಾರ ಇಳಿಸಿ, ಆಮೇಲೆ ಹೊಸದಾಗಿ ಏನು ಹಾಕಬೇಕು ಅಂತ ಯೋಚಿಸಿ.

ಕಟ್ಟಡ ಸರಿಮಾಡುತ್ತೇವೆ. ಆದರೆ ಏನಕ್ಕೆ ಬಳಸುವುದು?

ಈ ಪ್ರಶ್ನೆ ಮೊದಲೇ ಬರಬೇಕಿತ್ತು. ಹೆಚ್ಚಿನ ಊರುಗಳಲ್ಲಿ ಇದು ಕೊನೆಗೆ ಬರುತ್ತದೆ. ಬಣ್ಣ ಬಳಿದು, ಉದ್ಘಾಟನೆ ಮಾಡಿ, ಫೋಟೋ ತೆಗೆಸಿಕೊಂಡು, ಮತ್ತೆ ಬೀಗ ಹಾಕುತ್ತಾರೆ. ಬೀಗ ಬಿದ್ದ ಕಟ್ಟಡ ಎಷ್ಟು ಚೆನ್ನಾಗಿ ರಿಪೇರಿ ಮಾಡಿದರೂ ಐದಾರು ವರ್ಷದಲ್ಲಿ ಮತ್ತೆ ಹಾಳಾಗುತ್ತದೆ. ಸೋರಿದ್ದು ಕಣ್ಣಿಗೆ ಬೀಳುವುದಿಲ್ಲ, ಗೆದ್ದಲು ಹತ್ತಿದ್ದು ತಿಳಿಯುವುದಿಲ್ಲ.

‘ಮದುವೆ ಮಾಡಲು ಆಗಬೇಕು’ ಅಂತ ಎಲ್ಲರೂ ಮೊದಲು ಹೇಳುತ್ತಾರೆ. ನಾನು ಒಂದು ಲೆಕ್ಕ ಕೇಳುತ್ತೇನೆ. ಊರಲ್ಲಿ ವರ್ಷಕ್ಕೆ ಎಷ್ಟು ಮದುವೆ? ಹತ್ತು, ಹದಿನೈದು. ಉಳಿದ ಮುನ್ನೂರೈವತ್ತು ದಿನ? ದಿನಾ ಬರುವವರು ಯಾರು? ಸ್ವಸಹಾಯ ಸಂಘದ ಹೆಂಗಸರು ವಾರಕ್ಕೊಮ್ಮೆ ಕೂರಲು ಜಾಗ ಹುಡುಕುತ್ತಾರೆ. ಸಂಜೆ ಓದಲು ಮನೆಯಲ್ಲಿ ಜಾಗ ಇಲ್ಲದ ಮಕ್ಕಳಿದ್ದಾರೆ. ವಯಸ್ಸಾದವರಿಗೆ ಪೇಪರ್ ಓದುತ್ತಾ ನಾಲ್ಕು ಜನರ ಜೊತೆ ಕೂರುವ ಆಸೆ. ಪಂಚಾಯಿತಿಗಳಲ್ಲಿ ಈಗ ಅರಿವು ಕೇಂದ್ರಗಳಿವೆ, ಅಂದರೆ ಊರಿನ ಗ್ರಂಥಾಲಯಗಳು. ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 2023ರಿಂದ ‘ಕೂಸಿನ ಮನೆ’ಗಳು ಶುರುವಾಗಿವೆ. ಇವಕ್ಕೆಲ್ಲ ಬೇಕಾಗುವುದು ಒಂದೆರಡು ಒಳ್ಳೇ ಕೋಣೆ, ಹತ್ತಿರದಲ್ಲೇ ಶೌಚಾಲಯ, ಮುಂದೆ ಜಗಲಿ. ಹಳೇ ಶಾಲೆಗೆ ಇದಕ್ಕಿಂತ ಒಪ್ಪುವ ಕೆಲಸ ಇಲ್ಲ.

ಕಟ್ಟಡ ಯಾವ ಕೆಲಸಕ್ಕೆ ಒಪ್ಪುತ್ತದೆ ಅಂತ ಅದರ ಅಳತೆಯೇ ಹೇಳುತ್ತದೆ. ಇಪ್ಪತ್ತು ಅಡಿ ಅಗಲದ ತರಗತಿಗಳ ಸಾಲನ್ನು ಕಲ್ಯಾಣ ಮಂಟಪ ಮಾಡಲು ಹೊರಟರೆ ಮಧ್ಯದ ಗೋಡೆಗಳನ್ನೆಲ್ಲ ಒಡೆಯಬೇಕಾಗುತ್ತದೆ. ಮಾಡನ್ನು ಹೊತ್ತಿರುವುದು ಅದೇ ಗೋಡೆಗಳು. ಅದೇ ಸಾಲನ್ನು ಗ್ರಂಥಾಲಯ, ಹೊಲಿಗೆ ಕೋಣೆ, ಮಕ್ಕಳ ಕೋಣೆ ಅಂತ ಹಂಚಿದರೆ ಒಂದು ಇಟ್ಟಿಗೆಯನ್ನೂ ಮುಟ್ಟಬೇಕಿಲ್ಲ. ದೊಡ್ಡ ಹಜಾರ ಬೇಕೇ ಬೇಕು ಅಂದರೆ ಸೊಸೈಟಿ ಗೋಡೌನು ನೋಡಿ, ಅದು ಮೊದಲೇ ಕಂಬವಿಲ್ಲದ ಹಜಾರ.

ಜಗಲಿಯನ್ನು ಮಾತ್ರ ಗ್ರಿಲ್ ಹಾಕಿ ಮುಚ್ಚಬೇಡಿ. ಒಂದು ಊರಲ್ಲಿ ರಿಪೇರಿ ನಡೆಯುವಾಗಲೇ ಒಬ್ಬ ಅಜ್ಜಿ ದಿನಾ ಬಂದು ಜಗಲಿಯ ಒಂದೇ ಕಂಬಕ್ಕೆ ಒರಗಿ ಬೀಡಿ ಕಟ್ಟುತ್ತಿದ್ದರು. ‘ಇಲ್ಲಿ ಗಾಳಿ ಚೆನ್ನಾಗಿ ಬರ್ತದೆ ಮಗ, ಬಸ್ಸು ಬರೋದೂ ಕಾಣ್ತದೆ’ ಅಂದರು. ನಕ್ಷೆಯಲ್ಲಿ ಆ ಜಾಗಕ್ಕೆ ನಾನು ಆಫೀಸು ಬರೆದಿದ್ದೆ. ಮನೆಗೆ ಹೋಗಿ ಅಳಿಸಿದೆ.

ಕರ್ನಾಟಕದಲ್ಲಿ ದೊಡ್ಡ ಮಟ್ಟದಲ್ಲಿ ಹೀಗೆ ಮಾಡಿದ ಉದಾಹರಣೆ ಇದೆಯಾ?

ಬೆಂಗಳೂರಿನ ಫ್ರೀಡಂ ಪಾರ್ಕ್ ನೋಡಿ ಬನ್ನಿ. ಅದು ಹಳೇ ಸೆಂಟ್ರಲ್ ಜೈಲು. ತುರ್ತು ಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನೆಲ್ಲ ಇಟ್ಟಿದ್ದ ಜಾಗ. ಜೈಲು ಪರಪ್ಪನ ಅಗ್ರಹಾರಕ್ಕೆ ಹೋದ ಮೇಲೆ ಊರ ನಡುವೆ ಸುಮಾರು 21 ಎಕರೆ ಖಾಲಿಯಾಯಿತು. ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದ ಮ್ಯಾಥ್ಯೂ ಅಂಡ್ ಘೋಷ್ ಆರ್ಕಿಟೆಕ್ಟ್ಸ್‌ನವರು ನಡುವಿನ ಕಾವಲು ಗೋಪುರ ಮತ್ತು ಬ್ಯಾರಕ್ಕುಗಳನ್ನು ಉಳಿಸಿಕೊಂಡೇ ಪಾರ್ಕ್ ಮಾಡಿದರು. 2008ರಲ್ಲಿ ಜನರಿಗೆ ತೆರೆಯಿತು. ಜನರನ್ನು ಕೂಡಿ ಹಾಕಿದ್ದ ಗೋಡೆಯೊಳಗೆ ಈಗ ಜನ ಬಂದು ತಮ್ಮ ಬೇಡಿಕೆ ಕೂಗಿ ಹೇಳುತ್ತಾರೆ. ಒಂದು ಕಡೆ ಪ್ರತಿಭಟನೆ, ಇನ್ನೊಂದು ಕಡೆ ಬೆಳಗಿನ ವಾಕಿಂಗು. ಆ ಗೋಪುರದ ಬುಡದಲ್ಲಿ ನಿಂತರೆ ಬ್ಯಾರಕ್ಕುಗಳು ಯಾಕೆ ಸುತ್ತ ಹಾಗೆ ಹರಡಿವೆ ಅನ್ನುವುದು ತಾನಾಗಿ ಅರ್ಥವಾಗುತ್ತದೆ. ಬೋರ್ಡು ಓದಬೇಕಾಗಿಲ್ಲ.

ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆ 2009ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಯಿತು. ಹಳೇ ಮನೆಯನ್ನು ಹಾಗೇ ಇಟ್ಟು, ಬೇಕಾದ ಹೆಚ್ಚಿನ ಜಾಗವನ್ನು ಹೊಸ ಕಟ್ಟಡದಲ್ಲಿ ಮಾಡಿದರು. ಎರಡನ್ನೂ ನೋಡಿದರೆ ಯಾವುದು ಹಳೆಯದು ಯಾವುದು ಹೊಸದು ಅಂತ ಯಾರಿಗೂ ಗೊಂದಲವಾಗುವುದಿಲ್ಲ. ಅಂಗಳದ ಮರಗಳೂ ಉಳಿದಿವೆ.

ಇನ್ನು ಅಠಾರಾ ಕಚೇರಿ. 1868ರಲ್ಲಿ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿದ್ದು. ಇಲಾಖೆಗಳು ವಿಧಾನಸೌಧಕ್ಕೆ ಹೋದ ಮೇಲೂ ಹೈಕೋರ್ಟು ಅಲ್ಲೇ ನಡೆಯುತ್ತಿದೆ. 1980ರ ದಶಕದಲ್ಲಿ ಇದನ್ನೂ ಕೆಡವುವ ಮಾತು ಬಂದಿತ್ತು. ಜನ ಕೋರ್ಟಿಗೆ ಹೋದರು, ಕಟ್ಟಡ ಉಳಿಯಿತು. ಇವತ್ತು ಅದಿಲ್ಲದ ಕಬ್ಬನ್ ಪಾರ್ಕನ್ನು ಕಲ್ಪಿಸಿಕೊಳ್ಳಲು ಆಗುತ್ತದಾ?

ಹಳೇದಕ್ಕೆ ಹೊಸ ಕೋಣೆ ಸೇರಿಸಬಹುದಾ?

ಸೇರಿಸಬಹುದು. ಅಡುಗೆಮನೆ, ಶೌಚಾಲಯಗಳನ್ನು ಹಳೇ ಗೋಡೆಯೊಳಗೆ ತುರುಕುವ ಬದಲು ಹೊರಗೆ ಕಟ್ಟುವುದೇ ಒಳ್ಳೆಯದು. ನೀರಿನ ಪೈಪು ಹಳೇ ಗೋಡೆಯಿಂದ ದೂರ ಇರುತ್ತದೆ. ಆದರೆ ಹೊಸ ಗೋಡೆಯನ್ನು ಹಳೇ ಗೋಡೆಗೆ ಕಚ್ಚಿಸಬೇಡಿ. ಹಳೇ ಪಾಯ ಕೂರಬೇಕಾದಷ್ಟು ಕೂತಾಗಿದೆ. ಹೊಸದು ಇನ್ನು ಕೂರಬೇಕು. ಎರಡನ್ನೂ ಬೆಸೆದರೆ ಸೇರಿದ ಕಡೆ ಬಿರುಕು ಖಂಡಿತ. ನಡುವೆ ಸ್ವಲ್ಪ ಸಂದು ಬಿಟ್ಟು ಮೇಲೆ ಮುಚ್ಚಿಗೆ ಕೊಡಿ, ಇಲ್ಲವೇ ಪೂರ್ತಿ ಬೇರೆ ಕಟ್ಟಿ ಒಂದು ಮಾಡಿನ ದಾರಿಯಿಂದ ಜೋಡಿಸಿ.

ಹೊಸದನ್ನು ಹಳೇದರ ನಕಲು ಮಾಡಬೇಕಿಲ್ಲ. ಎತ್ತರ ಮಾತ್ರ ಹಳೇದಕ್ಕಿಂತ ತಗ್ಗಿರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಿಂದ ಬೆಳೆಸಿದ ಒತ್ತಿದ ಮಣ್ಣಿನ ಇಟ್ಟಿಗೆ ಇಂಥ ಕಡೆ ಚೆನ್ನಾಗಿ ಹೊಂದುತ್ತದೆ. ಸೈಟಿನ ಮಣ್ಣಿಗೇ ಸ್ವಲ್ಪ ಸಿಮೆಂಟ್ ಸೇರಿಸಿ ಮೆಷಿನ್ನಿನಲ್ಲಿ ಒತ್ತುವುದು. ಸುಡಲು ಸೌದೆ ಬೇಡ.

ಹೊಸ ಭವನದಲ್ಲಿ ಮೈಕ್ ಹಾಕಿದರೂ ಮಾತು ಅರ್ಥವಾಗುವುದಿಲ್ಲ. ಯಾಕೆ?

ನೆಲಕ್ಕೆ ವಿಟ್ರಿಫೈಡ್ ಟೈಲ್ಸು, ಗೋಡೆಗೆ ಎದೆಮಟ್ಟ ಟೈಲ್ಸು, ಮೇಲೆ ಆರ್‌ಸಿಸಿ. ಆರೂ ಕಡೆಯಿಂದ ಸದ್ದು ವಾಪಸ್ ಬರುತ್ತದೆ. ಒಂದು ಪದ ಮುಗಿಯುವ ಮೊದಲೇ ಹಿಂದಿನ ಪದ ಮೇಲೆ ಬಂದು ಬೀಳುತ್ತದೆ. ಮೈಕಿನ ವಾಲ್ಯೂಮ್ ಏರಿಸಿದರೆ ಗದ್ದಲವೂ ಏರುತ್ತದೆ, ಅಷ್ಟೇ.

ಹಿಂದಿನ ಗೋಡೆಗೆ ಮತ್ತು ಚಾವಣಿಗೆ ಸದ್ದು ಹೀರುವ ವಸ್ತು ಬೇಕು. ದುಬಾರಿ ಪ್ಯಾನೆಲ್ಲೇ ಆಗಬೇಕೆಂದಿಲ್ಲ. ತೆಂಗಿನ ನಾರಿನ ಹಲಗೆ, ದಪ್ಪ ಬಟ್ಟೆಯ ಪರದೆ, ಸಂದು ಬಿಟ್ಟು ಹೊಡೆದ ಮರದ ಪಟ್ಟಿಯ ಹಿಂದೆ ಹತ್ತಿ ಕಂಬಳಿ, ಇವೂ ಕೆಲಸ ಮಾಡುತ್ತವೆ. ಬೆಂಕಿ ಹತ್ತುವ ವಸ್ತುಗಳನ್ನು ಅಡುಗೆಮನೆ, ವೈರಿಂಗ್ ಹತ್ತಿರ ಹಾಕಬಾರದು. ಹಳೇ ಹೆಂಚಿನ ಕಟ್ಟಡದಲ್ಲಿ ಈ ತೊಂದರೆ ಕಡಿಮೆ. ಓರೆ ಮಾಡು, ಹೆಂಚಿನ ಸಂದು, ಒರಟು ಗೋಡೆ ಎಲ್ಲ ಸೇರಿ ಸದ್ದನ್ನು ಚದುರಿಸುತ್ತವೆ.

ಇಳಿಜಾರು ದಾರಿ ಕಡ್ಡಾಯವಾ?

ಹೌದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ಒಳಗೆ ಬರಲು ಆಗುವಂತೆ ಇರಬೇಕು. ಆದರೆ ಬರೀ ಕಾಯ್ದೆಗೆ ಅಂತ ಕಟ್ಟಿದ ಇಳಿಜಾರುಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಮೂರು ಮೆಟ್ಟಿಲ ಪಕ್ಕ ಜಾರುಬಂಡೆ ಹಾಗೆ ನಿಂತಿರುತ್ತದೆ, ಗಟ್ಟಿಮುಟ್ಟಾದವರೂ ಹತ್ತಲಾರರು. ಲೆಕ್ಕ ಸರಳ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರಿಂಚಿನ ಮೂರು ಮೆಟ್ಟಿಲಿದ್ದರೆ ಒಂದೂವರೆ ಅಡಿ ಎತ್ತರ, ಅಂದರೆ ಹದಿನೆಂಟು ಅಡಿ ಇಳಿಜಾರು. ಅಗಲ ನಾಲ್ಕು ಅಡಿ ಇರಲಿ. ಎರಡೂ ಬದಿ ಕೈಹಿಡಿ ಬೇಕು, ನೆಲ ಒರಟಾಗಿರಬೇಕು. ಇಳಿಜಾರು ಹಿಂಬಾಗಿಲಿಗೆ ಹೋಗದೆ ಎಲ್ಲರೂ ಬರುವ ಮುಂಬಾಗಿಲಿಗೇ ಬರಲಿ.

ಶೌಚಾಲಯದ ಬಾಗಿಲನ್ನೂ ಅಳೆಯಿರಿ. ಗಾಲಿಕುರ್ಚಿ ಕಟ್ಟಡದೊಳಗೆ ಬಂದು ಶೌಚಾಲಯದ ಹೊಸ್ತಿಲಲ್ಲಿ ನಿಂತರೆ ಬಂದು ಏನು ಪ್ರಯೋಜನ?

ಎಷ್ಟು ಜನ ಹಿಡಿಸುತ್ತಾರೆ ಅಂತ ಲೆಕ್ಕ ಹಾಕುವುದು ಹೇಗೆ?

ರಾಷ್ಟ್ರೀಯ ಕಟ್ಟಡ ಸಂಹಿತೆಯ 2005ರ ಆವೃತ್ತಿ ಕುರ್ಚಿ ಹಾಕಿ ಕೂರುವ ಸಭೆಗೆ ಒಬ್ಬರಿಗೆ 0.6 ಚದರ ಮೀಟರ್, ಊಟದ ಹಾಲ್‌ಗೆ 1.5 ಚದರ ಮೀಟರ್ ಅಂತ ಹಿಡಿದಿತ್ತು, ಅಂದಾಜಿಗೆ ಅದನ್ನೇ ಇಟ್ಟುಕೊಳ್ಳೋಣ. 30 ಅಡಿಗೆ 60 ಅಡಿಯ ಹಜಾರ ಸುಮಾರು 167 ಚದರ ಮೀಟರ್. ಸಭೆಗಾದರೆ 270ರ ಆಸುಪಾಸು, ಊಟಕ್ಕಾದರೆ ನೂರಾ ಹತ್ತು ಜನ. ಐನೂರು ಜನರ ಪಂಕ್ತಿ ಅಲ್ಲಿ ಕೂರಿಸುವ ಯೋಚನೆ ಬಿಡಿ. ಅದಕ್ಕೆ ಹೊರಗೆ ಚಪ್ಪರದ ಜಾಗ ಇಡಿ. ಬಾಗಿಲು ಎರಡು ದಿಕ್ಕಿಗಾದರೂ ಇರಲಿ, ಎರಡೂ ಹೊರಗೆ ತೆರೆಯಲಿ. ಕಾರ್ಯಕ್ರಮ ನಡೆಯುವಾಗ ಯಾವುದಕ್ಕೂ ಬೀಗ ಬೇಡ. ಹಳೇ ವೈರಿಂಗನ್ನು ಪೂರ್ತಿ ಬದಲಾಯಿಸಿ. ಹಳೇ ಕಟ್ಟಡದಲ್ಲಿ ಇಟ್ಟುಕೊಳ್ಳಲೇಬಾರದ ಒಂದು ವಸ್ತು ಅಂದರೆ ಅದೇ.

ಯಾರ ಅನುಮತಿ ಬೇಕು?

ಮೊದಲು ಜಾಗ ಯಾರ ಹೆಸರಲ್ಲಿದೆ ನೋಡಿ. ಶಿಕ್ಷಣ ಇಲಾಖೆಯ ಶಾಲೆ, ಮುಜರಾಯಿ ಛತ್ರ, ಪಂಚಾಯಿತಿ ಕಟ್ಟಡ, ಟ್ರಸ್ಟಿನದ್ದು, ಒಂದೊಂದಕ್ಕೂ ದಾರಿ ಬೇರೆ. ಈ ಕಾಗದ ಸರಿಯಾಗುವ ಮೊದಲು ಹಣ ಸುರಿಯಬೇಡಿ. ಗ್ರಾಮಸಭೆಯಲ್ಲಿ ಚರ್ಚೆಯಾಗಿ ನಿರ್ಣಯ ಬರೆದಿರಲಿ.

ಹತ್ತಿರದಲ್ಲಿ ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸುವ ಸ್ಮಾರಕ ಇದ್ದರೆ, ಅದರಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ. ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ದುರಸ್ತಿಗೂ ಕೇಳಬೇಕು. ಹಂಪಿ, ಬಾದಾಮಿ, ಐಹೊಳೆ ಕಡೆಯವರಿಗೆ ಇದು ಗೊತ್ತಿರುವ ವಿಷಯವೇ. ರಾಜ್ಯದ ಪುರಾತತ್ವ ಇಲಾಖೆಯ ಪಟ್ಟಿಯನ್ನೂ ನೋಡಿಕೊಳ್ಳಿ.

ಆರ್ಕಿಟೆಕ್ಟ್ ಬೇಕೇ ಬೇಕಾ?

ಹೆಂಚು ಬದಲಿಸಲು ಬೇಡ. ಗೋಡೆ ಒಡೆಯುವ, ಮಾಡು ಬದಲಿಸುವ, ಬಳಕೆಯೇ ಬದಲಾಗುವ ಕೆಲಸಕ್ಕೆ ಬೇಕು. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಇದೆಯಾ ಕೇಳಿ. ಅದಕ್ಕಿಂತ ಮುಖ್ಯ, ಹಳೇ ಕಟ್ಟಡ ಮಾಡಿದ್ದಾರಾ, ಮಾಡಿದ್ದರೆ ಅದು ಈಗ ಹೇಗಿದೆ ಅಂತ ಹೋಗಿ ನೋಡಿ. ಪರಂಪರೆ ಕಟ್ಟಡಗಳ ಬಗ್ಗೆ 1984ರಿಂದ ಕೆಲಸ ಮಾಡುತ್ತಿರುವ ಇಂಟ್ಯಾಕ್ ಸಂಸ್ಥೆಯ ಘಟಕಗಳು ಕರ್ನಾಟಕದಲ್ಲೂ ಇವೆ, ಸಲಹೆ ಕೇಳಬಹುದು.

ಖರ್ಚು ಎಷ್ಟಾಗುತ್ತದೆ?

ನೋಡದೆ ಹೇಳಲು ಆಗುವುದಿಲ್ಲ, ಚದರಡಿಗೆ ಇಷ್ಟು ಅಂತ ಹೇಳುವವರನ್ನು ನಂಬಬೇಡಿ. ಹಳೇ ಕಟ್ಟಡ ಬಿಚ್ಚಿದ ಮೇಲೇ ಕೆಲವು ವಿಷಯ ಗೊತ್ತಾಗುವುದು. ಹಾಗಾಗಿ ಅಂದಾಜಿನ ಮೇಲೆ ನೂರಕ್ಕೆ ಹದಿನೈದಿಪ್ಪತ್ತು ರೂಪಾಯಿ ಹೆಚ್ಚಿಗೆ ತೆಗೆದಿಟ್ಟುಕೊಳ್ಳಿ. ಕೆಲಸವನ್ನು ಹೀಗೆ ಹಂಚಿ: ಮೊದಲ ವರ್ಷ ಮಾಡು ಮತ್ತು ಸುತ್ತಲಿನ ಚರಂಡಿ. ಆಮೇಲೆ ಗೋಡೆ, ವೈರಿಂಗು, ಶೌಚಾಲಯ. ಬಣ್ಣ ಎಲ್ಲಕ್ಕಿಂತ ಕೊನೆಗೆ. ಹಣ ಕೊಟ್ಟವರಿಗೆ ಬಣ್ಣ ಬೇಗ ಕಾಣಬೇಕು ಅನ್ನಿಸುತ್ತದೆ, ಅದು ಸಹಜ. ಅವರನ್ನು ಮಳೆ ಬರುವಾಗ ಒಳಗೆ ಕರೆದು ಒಣಗಿದ ನೆಲ ತೋರಿಸಿ.

ವಾಸ್ತು?

ಊರಿನವರ ನಂಬಿಕೆಗೆ ಗೌರವ ಕೊಡುತ್ತೇನೆ. ಆದರೆ ವಾಸ್ತುವಿಗಾಗಿ ಭಾರ ಹೊತ್ತ ಗೋಡೆ ಒಡೆಯಲು ಒಪ್ಪುವುದಿಲ್ಲ.

ಕೆಲಸ ಮುಗಿದ ಮೇಲೆ ಏನು ಮಾಡಬೇಕು?

ಕೀಲಿಕೈ ಯಾರ ಹತ್ತಿರ ಇರುತ್ತದೆ ಅಂತ ಉದ್ಘಾಟನೆಗೆ ಮೊದಲೇ ತೀರ್ಮಾನ ಮಾಡಿ. ಕಟ್ಟಡದಿಂದ ಕೂಗಳತೆಯಲ್ಲಿರುವ ಇಬ್ಬರ ಹತ್ತಿರ ಇರಲಿ, ಅವರಲ್ಲಿ ಒಬ್ಬರು ಹೆಂಗಸಾಗಿರಲಿ. ಸಂಘದ ಹೆಂಗಸರು ಕೀಲಿಗಾಗಿ ಯಾರದ್ದೋ ಮನೆ ಬಾಗಿಲು ಕಾಯುವ ಹಾಗಿದ್ದರೆ ಎರಡು ಸಲ ಬಂದು ಮೂರನೇ ಸಲ ಬರುವುದಿಲ್ಲ. ಗುಡಿಸುವವರಿಗೆ ಸಂಬಳ ಎಲ್ಲಿಂದ ಅಂತಲೂ ಬರೆದಿಡಿ. ಕಾರ್ಯಕ್ರಮದ ಬಾಡಿಗೆಯಲ್ಲಿ ಒಂದು ಪಾಲನ್ನು ಬೇರೆ ಖಾತೆಯಲ್ಲಿ ಇಟ್ಟು ರಿಪೇರಿಗೆ ಮಾತ್ರ ಬಳಸಿ.

ಒಂದು ನೋಟ್‌ಬುಕ್ ಬಾಗಿಲ ಹಿಂದೆ ತೂಗುಹಾಕಿ. ಎಲ್ಲಿ ಸೋರಿತು, ಯಾವ ಬಲ್ಬು ಹೋಯಿತು, ಯಾವ ಕಿಟಕಿ ಬಿಗಿಯಾಯಿತು ಅಂತ ಬಂದವರೇ ಬರೆಯಲಿ. ಮೇ ತಿಂಗಳ ಮೂರನೇ ವಾರ ಒಂದು ದಿನ ಇಟ್ಟುಕೊಂಡು ಏಣಿ ತನ್ನಿ. ಎರಡು ಮಾಡು ಸೇರುವ ಕಣಿವೆಯಲ್ಲಿ ಕೂತ ತರಗೆಲೆ ತೆಗೆಯಿರಿ, ಸರಿದ ಹೆಂಚು ಕೂರಿಸಿ, ಗೋಡೆ ಬಿರುಕಲ್ಲಿ ಹುಟ್ಟಿದ ಅರಳಿ ಗಿಡ ಬೇರು ಸಮೇತ ಕೀಳಿ, ಚರಂಡಿ ಹೂಳು ಎತ್ತಿ. ಹೆಚ್ಚಿಗೆ ಐವತ್ತು ಹೆಂಚನ್ನು ಒಳಗಿನ ಕೋಣೆಯಲ್ಲಿ ಜೋಡಿಸಿಟ್ಟಿರಿ. ಅದೇ ಕಾರ್ಖಾನೆಯ ಮುದ್ರೆಯದ್ದೇ ಆಗಿರಲಿ.